ವಾಪಸ್ ಬರುವ ರಕ್ತ

“ಕಣ್ಣು ನಂದು. ಹೋದ್ರೆ ನಂದು ಹೋಗ್ತೈತೆ. ನಿಂಗ್ಯಾಕೆ ಉರಿ?”

“ಹೋಗ್ಲಿ ಬಿಡು. ಆಮೇಲೆ ಅತ್ತಿಗೆ ನಿನ್ನ ಕೈ ಹಿಡ್ಕೊಂಡು ಊರೆಲ್ಲ ಮೆರವಣಿಗೆ ಮಾಡ್ತಾಳೆ. ಚೆಂದ ಕಾಣ್ತೀಯ.”

“ಬಾಯಿ ಮುಚ್ಚು ಶಂಕ್ರಿ. ಆಳುಗಳ ಮುಂದೆ ಮರ್ಯಾದೆ ತೆಗೀಬ್ಯಾಡ.”

“ಸಕ್ಕರೆ ಮುನ್ನೂರಾ ಇಪ್ಪತ್ತು ಐತೆ. ಮರ್ಯಾದೆ ಇಟ್ಕೊಂಡು ಏನು ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ?”

ಅಡಿಕೆ ಸುಲಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅಣ್ಣ ಸಿಟ್ಟಿನಿಂದ ಸೌಟನ್ನು ಹಂಡೆಯ ಅಂಚಿಗೆ ಬಡಿದ. ಕುದಿಯುವ ಕೆಂಪು ನೀರು ಸಿಡಿದು ನನ್ನ ಗುಲಾಬಿ ಸೀರೆಯ ಮೇಲೆ ಬಿತ್ತು. ಅದು ಇಲಾಖೆ ಕೊಟ್ಟ ಸೀರೆ. ನಾನು ಇನ್ನೂ ಜೋರಾಗಿ ಕೂಗಾಡಿದೆ.

ನಾನು ಶಂಕರಮ್ಮ. ತ್ಯಾವಣಿಗೆಯಿಂದ ನಾಲ್ಕು ಮೈಲಿ ಆಚೆಗಿರುವ ನಮ್ಮೂರಿನಲ್ಲಿ ಹದಿನೈದು ವರ್ಷದಿಂದ ಆಶಾ ಕಾರ್ಯಕರ್ತೆ. ಹುಟ್ಟಿದ್ದು, ಹತ್ತನೇ ತರಗತಿವರೆಗೆ ಓದಿದ್ದು, ಮದುವೆಯಾಗಿದ್ದು ಎಲ್ಲ ಇದೇ ಊರಲ್ಲಿ. ಅಣ್ಣ ಜಂಪಣ್ಣನ ಮನೆಯೂ ನನ್ನ ಮನೆಯೂ ಒಂದೇ ಓಣಿಯ ಒಂದೇ ಸಾಲಿನಲ್ಲಿ. ನನ್ನ ಬಾಯಿ ಕೆಟ್ಟದು ಎಂದು ಊರಿಗೆಲ್ಲ ಗೊತ್ತು. ಕೆಟ್ಟ ಬಾಯಿ ಇಲ್ಲದೆ ಈ ಕೆಲಸ ಮಾಡಲು ಆಗುವುದಿಲ್ಲ. ಮೆತ್ತಗೆ ಹೇಳಿದರೆ ಬಸುರಿ ಹೆಂಗಸರೂ ಆಸ್ಪತ್ರೆಗೆ ಬರುವುದಿಲ್ಲ.

ತೋಟಗಳ ಫಸಲು ಗುತ್ತಿಗೆ ಹಿಡಿಯುವ ಸತೀಶ್ ಕುಮಾರ್ ಎಂಬ ಖೇಣಿದಾರನ ಕಣದಲ್ಲಿ ಅಣ್ಣ ಅಡಿಕೆ ಬೇಯಿಸುತ್ತಿದ್ದ. ಸುಲಿದ ಹಸಿ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುತ್ತಾರೆ. ಹಿಂದಿನ ಅಡಿಕೆ ಬೆಂದಾಗ ಉಳಿದ ಕೆಂಪು ನೀರೇ ಚೊಗರು. ಅದು ತೆಳುವಾದರೆ ಅಡಿಕೆ ಪೇಲವ, ಮಂದವಾದರೆ ಕಪ್ಪು. ಹಂಡೆಗೆ ಹಳೆಯ ಚೊಗರು ಎಷ್ಟು ಹಾಕಬೇಕು, ಅಡಿಕೆಯನ್ನು ಯಾವಾಗ ಮೇಲೆತ್ತಬೇಕು ಎಂದು ಹೇಳುವವನು ಅಣ್ಣ. ಬಿಳಿ ಪಿಂಗಾಣಿ ಬಟ್ಟಲಿಗೆ ಒಂದು ಗುಟುಕು ಸುರಿದುಕೊಂಡು ಬಿಸಿಲಿಗೆ ಹಿಡಿಯುತ್ತಿದ್ದ. ಒಂದು ನೋಟ ಸಾಕು. ಚನ್ನಗಿರಿ ಕಡೆಯ ಖೇಣಿದಾರರು ಅವನನ್ನು ಹಂಚಿಕೊಳ್ಳಲು ಜಗಳವಾಡುತ್ತಿದ್ದರು. ಅವನಿಗೆ ಇದ್ದ ಆಸ್ತಿ ಆ ನೋಟ ಒಂದೇ.

ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಸಂಶೋಧನಾ ತಂಡ ಹೊನ್ನಾಳಿ, ನ್ಯಾಮತಿ ಮುಗಿಸಿಕೊಂಡು ಚನ್ನಗಿರಿಯ ಸಮುದಾಯ ಭವನಕ್ಕೆ ಬಂದಿತ್ತು. ಸಕ್ಕರೆ ಕಾಯಿಲೆಯವರ ಕಣ್ಣಿನೊಳಗೆ ಹರಿಯುವ ರಕ್ತದಲ್ಲಿ ಪ್ರಾಣವಾಯು ಎಷ್ಟಿದೆ ಎಂದು ಅವರು ಅಳೆಯುತ್ತಿದ್ದರು. ಸೂಜಿ ಇಲ್ಲ, ಕೊಯ್ಯುವುದಿಲ್ಲ, ಬರೀ ಫೋಟೋ. ಆರೆಂಟು ತಿಂಗಳಿಗೊಮ್ಮೆ, ಒಟ್ಟು ಮೂರು ಸಲ. ನಮ್ಮೂರಿಂದ ಹದಿನೆಂಟು ಜನರ ಪಟ್ಟಿ ಕೊಟ್ಟಿದ್ದೆ. ಮೊದಲ ಹೆಸರೇ ಅಣ್ಣನದು.

“ಆ ಡ್ರಾಪ್ಸ್ ಹಾಕಿದ್ರೆ ಸಾಯಂಕಾಲದ ತನಕ ಕಣ್ಣು ಮಂಜು ಅಂತಾರೆ,” ಎಂದ ಅಣ್ಣ. “ಇಲ್ಲಿ ಎರಡು ಹಂಡೆ ಕುದೀತಾ ಐತೆ. ಚೊಗರು ಯಾರು ನೋಡ್ತಾರೆ, ನಿನ್ನ ಗಂಡನಾ?”

“ಅವತ್ತು ಬೆರಳಿಗೆ ಕ್ಲಿಪ್ ಹಾಕ್ದಾಗ್ಲೂ ಹಿಂಗೇ ಅಂದಿದ್ದೆ.”

ಅಣ್ಣ ಸೌಟು ಎತ್ತಿಕೊಂಡು ಹಂಡೆ ಕದಡತೊಡಗಿದ. 

ಕೊರೋನಾದ ಎರಡನೇ ಅಲೆಯಲ್ಲಿ ನಾನು ಮನೆಮನೆಗೆ ಹೋಗಿ ಬೆರಳಿಗೆ ಆ ಪುಟ್ಟ ಯಂತ್ರ ಹಾಕಿ ನಂಬರ್ ನೋಡುತ್ತಿದ್ದೆ. ತೊಂಬತ್ತೈದರ ಮೇಲಿದ್ದರೆ ಮನೆಯಲ್ಲೇ ಇರು. ತೊಂಬತ್ತಕ್ಕಿಂತ ಇಳಿದರೆ ಏಳು, ಹೊರಡು. ಅಣ್ಣನಿಗೆ ಎಂಬತ್ತಾರು ತೋರಿಸಿತ್ತು. “ಸ್ವಲ್ಪ ಸುಸ್ತು ಅಷ್ಟೇ” ಎನ್ನುತ್ತಿದ್ದವನನ್ನು ನಾನು ಬೈದು, ಕೈಹಿಡಿದು ಎಳೆದು ಆಟೋಕ್ಕೆ ಹಾಕಿದ್ದೆ. ಬದುಕಿ ಬಂದ. ನಮ್ಮ ಓಣಿಯಲ್ಲಿ ಮನೆಯಲ್ಲೇ ಉಳಿದ ಮೂವರು ಬದುಕಲಿಲ್ಲ. ಆಮೇಲೆ ನಮ್ಮೂರಿಗೆ ಒಂದು ಪಾಠ ಗಟ್ಟಿಯಾಗಿ ಕೂತುಬಿಟ್ಟಿತು. ಆಕ್ಸಿಜನ್ ನಂಬರ್ ಮೇಲೇರಿದರೆ ಜೀವ, ಇಳಿದರೆ ಸಾವು. ಆ ಪಾಠ ಕಲಿಸಿದವಳು ನಾನೇ.

ಮರುದಿನ ಅಣ್ಣ ಬಂದ.

ಭವನದಲ್ಲಿ ಕ್ಯಾಮೆರಾ ನೋಡಿಕೊಳ್ಳುತ್ತಿದ್ದವನು ಓಬಳೇಶ್. ಮೂವತ್ತರ ಆಸುಪಾಸು, ಜಗಳೂರು ಕಡೆಯ ಬಿಳಿಚೋಡಿನವನು. ಬೆಂಗಳೂರಿನಲ್ಲಿ ಕೆಲಸವಾದರೂ ಮಾತು ನಮ್ಮದೇ. ಅಣ್ಣನ ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವವರೆಗೆ ಪಕ್ಕದಲ್ಲೇ ಕೂತು ಹೇಳಿದ.

“ಪ್ರಾಣವಾಯು ತುಂಬಿದ ರಕ್ತ ಕೆಂಪಗಿರ್ತೈತೆ ಅಣ್ಣಾ, ಖಾಲಿಯಾದ್ದು ಕಪ್ಪಗೆ. ಕೊಯ್ಯದಂಗೆ ಒಳಗಿನ ರಕ್ತನಾಳ ಚೆನ್ನಾಗಿ ಕಾಣೋ ಜಾಗ ಅಂದ್ರೆ ಕಣ್ಣು. ನಾವು ಎರಡು ಬಣ್ಣದ ಬೆಳಕಿನಾಗೆ ಒಂದೇ ಸಲಕ್ಕೆ ಎರಡು ಫೋಟೋ ತೆಗೀತೀವಿ. ಒಂದರಾಗೆ ಎರಡೂ ರಕ್ತ ಒಂದೇ ತರ ಕಾಣ್ತಾವೆ. ಇನ್ನೊಂದರಾಗೆ ಖಾಲಿ ರಕ್ತ ಕಪ್ಪು ಕಾಣ್ತೈತೆ. ಎರಡನ್ನೂ ತಾಳೆ ಹಾಕಿ ಕಂಪ್ಯೂಟರ್ ಲೆಕ್ಕ ಹೇಳ್ತೈತೆ.”

“ಅಂದ್ರೆ ಬಣ್ಣ ನೋಡಿ ಹೇಳೋದು,” ಎಂದ ಅಣ್ಣ. “ನಾನು ಚೊಗರನ್ನ ಬಟ್ಟಲಿಗೆ ಹಾಕಿ ಬಿಸಿಲಿಗೆ ಹಿಡೀತೀನಿ. ನೀನು ಕಣ್ಣೊಳಗೇ ಬಿಸಿಲು ಬಿಡ್ತೀಯ.”

“ಅಣ್ಣಾ, ನೀವು ನಮ್ಮ ಸಾಹೇಬ್ರಿಗೇ ಪಾಠ ಮಾಡಬಹುದು!”

ಅಣ್ಣನಿಗೆ ಹಿಗ್ಗು. ಗದ್ದವನ್ನು ಯಂತ್ರದ ಮೇಲಿಟ್ಟು, ಹಸಿರು ಚುಕ್ಕೆ ನೋಡುತ್ತ, ಮಿಂಚು ಹೊಡೆದರೂ ರೆಪ್ಪೆ ಅಲುಗಿಸದೆ ಕೂತ. ಆಮೇಲೆ ಓಬಳೇಶ್ ಕಂಪ್ಯೂಟರ್ ನೋಡಿ ಬರೆದುಕೊಳ್ಳುತ್ತ ಹೇಳಿದ: “ಕಣ್ಣಿಗೆ ಹೋಗೋ ರಕ್ತ ತೊಂಬತ್ಮೂರು. ವಾಪಸ್ ಬರೋ ರಕ್ತ ಅರವತ್ತೊಂದು.”

ನಾನು ಕಂಪ್ಯೂಟರಿನ ಕಡೆ ಬಗ್ಗಿದೆ. “ಅರವತ್ತೊಂದಾ? ಅರವತ್ತೊಂದಕ್ಕೆ ಜನ ಸತ್ತೇ ಹೋಗಿದ್ರಲ್ಲಪ್ಪಾ!”

ಅವನು ನಕ್ಕ. “ಇದು ಬೆರಳಿಂದಲ್ಲ ಅಕ್ಕಾ. ವಾಪಸ್ ಬರೋ ರಕ್ತ. ಇಷ್ಟಿದ್ರೆ ಪರವಾಗಿಲ್ಲ. ಸಕ್ಕರೆ ಮಾತ್ರ ಇಳಿಸ್ರಿ.”

ಪರವಾಗಿಲ್ಲ ಎಂಬ ಮಾತು ನನ್ನ ಕಿವಿಗೆ ಬಿತ್ತು. ಆದರೆ ಕಮ್ಮಿಯಿದೆ, ಹೇಗೋ ನಡೆಯುತ್ತದೆ ಎಂದು ನಾನು ತಿಳಿದುಕೊಂಡೆ. ವಾಪಸ್ ಬರುವ ರಕ್ತಕ್ಕೂ ಹೋಗುವ ರಕ್ತಕ್ಕೂ ಏನು ಫರಕು ಎಂದು ನಾನು ಕೇಳಲಿಲ್ಲ. ಹದಿನೆಂಟು ಜನರನ್ನು ಕರೆತಂದಿದ್ದೆ, ಎಲ್ಲರಿಗೂ ಮಧ್ಯಾಹ್ನದ ಬಸ್ಸು ಹಿಡಿಯುವ ಆತುರ.

ಅವತ್ತಿನಿಂದ ನಾನು ಅಣ್ಣನ ಬೆನ್ನು ಬಿದ್ದೆ. ಅನ್ನ ಬಿಡಿಸಿ ಮುದ್ದೆ ಹಚ್ಚಿದೆ. ಮೆಂತ್ಯದ ಪುಡಿ ಮಾಡಿ ಕೊಟ್ಟೆ. ಕಣದಲ್ಲಿ ಆಳುಗಳಿಗೆ ಟೀ ಬಂದರೆ ಅವನ ಲೋಟಕ್ಕೆ ಸಕ್ಕರೆ ಬೀಳದಂತೆ ಕಾವಲು ಹಾಕಿದೆ. ಅತ್ತಿಗೆ ಅನ್ನಪೂರ್ಣಮ್ಮನಿಗೆ ಇದು ಹಿಡಿಸಲಿಲ್ಲ. “ಗಂಡ ನಂದು, ಅಡಿಗೆ ಮನೆ ನಂದು, ಯಜಮಾನಿಕೆ ಮಾತ್ರ ಇವಳದ್ದು” ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಳಂತೆ. ನಾನು ಹೋಗಿ ಅದಕ್ಕೂ ಜಗಳವಾಡಿ ಬಂದೆ.

ಮಾರ್ಚಿನಲ್ಲಿ ಎರಡನೇ ಸಲದ ಫೋಟೋ ಆಯಿತು. ಹತ್ತು ದಿನದ ಮೇಲೆ ಎಲ್ಲರ ವರದಿಗಳು ಒಂದೇ ಲಕೋಟೆಯಲ್ಲಿ ನನ್ನ ಹೆಸರಿಗೆ ಬಂದವು. ಅಣ್ಣನದನ್ನು ಮೊದಲು ತೆಗೆದೆ. ವಾಪಸ್ ಬರುವ ರಕ್ತ: ಎಪ್ಪತ್ತೆರಡು.

ನಾನು ಕುಣಿದಾಡಿದೆ ಎಂದರೆ ಸುಳ್ಳಲ್ಲ. ಅರವತ್ತೊಂದು ಇದ್ದದ್ದು ಎಪ್ಪತ್ತೆರಡು! ಕೆಳಗೆ ಇಂಗ್ಲಿಷಿನಲ್ಲಿ ಕೈಬರಹದ ಎರಡು ಸಾಲು ಇದ್ದವು. ಡಾಕ್ಟರ ಬರಹ, ಕೋಳಿ ಕೆದರಿದ ಹಾಗೆ. ಆರೋಗ್ಯ ಕೇಂದ್ರಕ್ಕೆ ಒಯ್ದು ಓದಿಸಿಕೊಂಡು ಬರಬಹುದಿತ್ತು. ನಂಬರೇ ಮಾತಾಡುತ್ತಿರುವಾಗ ಅಕ್ಷರ ಯಾರಿಗೆ ಬೇಕು? ನೇರ ಅಣ್ಣನ ಮನೆಗೆ ನಡೆದೆ.

“ಏರೈತೆ ಅಣ್ಣಾ! ನನ್ನ ಮಾತು ಕೇಳಿದ್ದಕ್ಕೆ ಹನ್ನೊಂದು ಏರೈತೆ!”

ಅಣ್ಣ ನಕ್ಕ. ಅನ್ನಪೂರ್ಣಮ್ಮ ನಗಲಿಲ್ಲ. “ಮತ್ಯಾಕೆ ನಿನ್ನೆ ಹಟ್ಟಿ ಬಾಗಿಲಾಗೆ ಎಡವಿದ್ರು? ಕಣ್ಣ ಮುಂದೆ ಸೊಳ್ಳೆ ಹಾರಿದಂಗೆ ಆಗ್ತೈತೆ ಅಂತಾರೆ. ಒಂದ್ಸಲ ದಾವಣಗೆರೆಗೆ ತೋರ್ಸಿ ಬರೋಣ ಅಂತೀನಿ ನಾನು.”

“ಅತ್ತಿಗೆ, ನೀನು ಡಾಕ್ಟ್ರಾ? ಇಲ್ಲಿ ಮಿಷನ್ನೇ ಹೇಳೈತೆ. ನೀನು ಹಪ್ಪಳ ಕರ್ದು ಕೊಡೋದು ನಿಲ್ಲಿಸು, ಸೊಳ್ಳೆ ತಾವಾಗೇ ಹೋಗ್ತಾವೆ.”

“ಶಂಕ್ರಿ ಹೇಳಿದ್ಮೇಲೆ ಮುಗೀತು ಬಿಡು,” ಎಂದ ಅಣ್ಣ ಹೆಂಡತಿಗೆ. “ಅವಳು ನಂಬರ್ ನೋಡಿದ್ರೆ ತಪ್ಪಾಗಲ್ಲ.”

ಆ ವಾರವೇ ಓಬಳೇಶನ ಫೋನ್ ಬಂತು. ನಾನು ಅಂಗನವಾಡಿಯಲ್ಲಿ ಲಸಿಕೆ ದಿನದ ಗದ್ದಲದಲ್ಲಿದ್ದೆ. ಒಂದು ಕೂಸು ಕಿವಿ ಕಿತ್ತುಹೋಗುವಂತೆ ಅಳುತ್ತಿತ್ತು, ಅದರ ಅಜ್ಜಿ ನನ್ನನ್ನು ಬೈಯುತ್ತಿದ್ದಳು.

“ಅಕ್ಕಾ, ನಿಮ್ಮಣ್ಣನ್ನ ಮತ್ತೆ ತೋರ್ಸಬೇಕು. ಬೇಗ—”

“ಮತ್ತೆಂಥದು ತೋರ್ಸೋದು? ಮೊನ್ನೆ ತಾನೇ ಫೋಟೋ ತೆಗೆದ್ರಲ್ಲ? ನಂಬರ್ ಹೆಚ್ಚಾಗೈತೆ, ನೋಡೀನಿ.”

“ಹೆಚ್ಚಾಗಿರೋದಕ್ಕೇ ಅಕ್ಕಾ ಹೇಳ್ತಿರೋದು—”

“ಹೆಚ್ಚಾದ್ರೆ ನಿಮ್ಗೆ ಇನ್ನೊಂದು ಫೋಟೋ ಬೇಕು. ನಿಮ್ಮ ಸಂಶೋಧನೆಗೆ ದಿನಾ ಡ್ರಾಪ್ಸ್ ಹಾಕಿಸ್ಕೊಳ್ಳಾಕೆ ನಮ್ಮಣ್ಣ ಏನು ಪಂಜರದ ಇಲಿನಾ? ಇಡಪ್ಪಾ ಫೋನು!”

ನಾನೇ ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಆ ನಂಬರನ್ನೇ ಬ್ಲಾಕ್ ಮಾಡಿಬಿಟ್ಟೆ. ಅಣ್ಣನಿಗೆ ಫೋನ್ ಇರಲಿಲ್ಲ. ಅರ್ಜಿಯಲ್ಲಿ ನನ್ನ ನಂಬರೇ ಬರೆಸಿದ್ದೆ. ಓಬಳೇಶ್ ಊರಿಗೇ ಬಂದು ಹೇಳಬಹುದಿತ್ತು. ಬರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಆದರೆ ಅದರಿಂದ ನನ್ನದು ಚಿಕ್ಕದಾಗುವುದಿಲ್ಲ.

ಅಡಿಕೆ ಸುಗ್ಗಿ ಮತ್ತೆ ಶುರುವಾಯಿತು. ಆಗಸ್ಟಿನ ಕೊನೆಯ ವಾರ ಒಂದು ಬೆಳಿಗ್ಗೆ ಸತೀಶ್ ಕುಮಾರ್ ನನಗೆ ಫೋನ್ ಮಾಡಿದ. “ಶಂಕ್ರಮ್ಮಾ, ಜರಾ ಕಣದ ಕಡೆ ಬರ್ರಿ. ನಿಮ್ಮಣ್ಣ ಯಾಕೋ ಸರಿಯಿಲ್ಲ.”

ಹೋಗಿ ನೋಡಿದರೆ ಒಣಗಲು ಬಲೆಯ ಮೇಲೆ ಹರಡಿದ್ದ ಅಡಿಕೆಯೆಲ್ಲ ಇದ್ದಿಲಿನ ಬಣ್ಣ. ಒಂದಲ್ಲ, ಮೂರು ಹಂಡೆ. ಹೆಂಗಸರು ಸುಲಿಯುವುದನ್ನು ಬಿಟ್ಟು ತಲೆ ತಗ್ಗಿಸಿ ಕೂತಿದ್ದರು. ಯಾರೂ ನಗಲಿಲ್ಲ. ಅಣ್ಣ ಬಟ್ಟಲನ್ನು ಬಿಸಿಲಿಗೆ ಹಿಡಿದು ನಿಂತೇ ಇದ್ದ. ಬಟ್ಟಲನ್ನು ಬಲಗಣ್ಣಿನ ಹತ್ತಿರ ತಂದ, ಎಡಗಣ್ಣಿನ ಹತ್ತಿರ ತಂದ.

“ಶಂಕ್ರಿ ಬಂದ್ಯಾ? ಇದರಾಗೆ ಏನು ಬಣ್ಣ ಐತೆ ಹೇಳು.”

“ಕಪ್ಪು.”

“ನಂಗೆ ನಿನ್ನೆಯಿಂದ ಎಲ್ಲಾ ಕಪ್ಪೇ ಕಾಣ್ತೈತೆ. ಬಲಗಡೆ ಪೂರ್ತಿ. ಎಡಗಡೆ ಜೇಡ ಬಲೆ ಕಟ್ಟಿದಂಗೆ. ಚೊಗರೇ ಕೆಟ್ಟೈತೆ ಅಂದ್ಕೊಂಡು ಹೊಸಾದು ಹಾಕ್ತಾ ಹೋದೆ.”

ಅವತ್ತೇ ದಾವಣಗೆರೆಗೆ ಹೋದೆವು. ಕಣ್ಣಾಸ್ಪತ್ರೆಯ ಡಾಕ್ಟರು ಬಹಳ ಹೊತ್ತು ನೋಡಿದರು. ಅಣ್ಣನನ್ನು ಇನ್ನೊಂದು ಪರೀಕ್ಷೆಗೆ ಒಳಗೆ ಕರೆದೊಯ್ದರು. ಅತ್ತಿಗೆ ಅವನ ಜೊತೆ ಹೋದಳು. ಡಾಕ್ಟರು ನನ್ನ ಕೈಯಲ್ಲಿದ್ದ ಹಳೆಯ ವರದಿ ಇಸಿದುಕೊಂಡು ಓದಿದರು.

“ಮಾರ್ಚಿನಲ್ಲೇ ಎಪ್ಪತ್ತೆರಡು ಬಂದಿದೆ. ಹೊಸ ರಕ್ತನಾಳ ಬೆಳೆದಿರೋದೂ ಫೋಟೋದಲ್ಲಿದೆ. ಯಾಕೆ ಬರಲಿಲ್ಲ?”

“ಹೆಚ್ಚಾಗಿತ್ತಲ್ಲ ಸರ್.”

ಅವರು ನನ್ನ ಸೀರೆ ನೋಡಿದರು, ಮುಖ ನೋಡಿದರು. “ವಾಪಸ್ ಬರುವ ರಕ್ತದಲ್ಲಿ ಹೆಚ್ಚಾದರೆ ಕಣ್ಣಿನ ಪರದೆ ಪ್ರಾಣವಾಯು ಸರಿಯಾಗಿ ತಗೊಳ್ತಿಲ್ಲ ಅಂತ ಅರ್ಥ ಇರಬಹುದಮ್ಮ. ಅದಕ್ಕೇ ಇಲ್ಲಿ ಬರೆದಿದ್ದಾರಲ್ಲ.” ಆ ಎರಡು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದರು. ಎರಡು ವಾರದೊಳಗೆ ಲೇಸರ್ ಆಗಬೇಕು. ರೋಗಿಗೆ ಫೋನಿನಲ್ಲಿ ತಿಳಿಸಲಾಗುವುದು.

ಬಲಗಣ್ಣಿನ ಪರದೆ ಕಿತ್ತು ಬಂದಿತ್ತು. ಎಡಗಣ್ಣಿನೊಳಗೆ ರಕ್ತ ಸುರಿದಿತ್ತು. ಇಂಜೆಕ್ಷನ್ ಕೊಟ್ಟರು, ಲೇಸರ್ ಹೊಡೆದರು, ಆಮೇಲೆ ಆಪರೇಷನ್ ಮಾಡಿದರು. ಅಕ್ಟೋಬರ್ ಕೊನೆಗೆ ಉಳಿದದ್ದು ಇಷ್ಟು: ಎಡಗಣ್ಣಿಗೆ ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಎದುರು ನಿಂತವರು ಯಾರು ಎಂದು ಗೊತ್ತಾಗುವುದಿಲ್ಲ. ಸತೀಶ್ ಕುಮಾರ್ ಹೊನ್ನಾಳಿಯಿಂದ ಬೇರೊಬ್ಬನನ್ನು ಕರೆಸಿಕೊಂಡ.

ಆ ಕಾಗದವನ್ನು ನಾನು ಬ್ಯಾಗಿನ ತಳಕ್ಕೆ ತುರುಕಿದ್ದೆ. ಯಾರಿಗೂ ಹೇಳಲಿಲ್ಲ. ಊರೇ ಒಂದು ಕಾರಣ ಹುಡುಕಿಕೊಂಡಿತು: ಆ ಕ್ಯಾಮೆರಾದವರು ಬೆಳಕು ಬಿಟ್ಟೂ ಬಿಟ್ಟೂ ಜಂಪಣ್ಣನ ಕಣ್ಣು ಸುಟ್ಟರು. ಅನ್ನಪೂರ್ಣಮ್ಮ ಅದನ್ನು ನಂಬಿದಳು. ನೀರಿನ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದಳು. ಪಟ್ಟಿಯಲ್ಲಿದ್ದ ಉಳಿದ ಹದಿನೇಳು ಜನರೂ ಮೂರನೇ ಸಲಕ್ಕೆ ಹೋಗುವುದಿಲ್ಲ ಎಂದರು. ಅವರಲ್ಲಿ ಚೌಡಕ್ಕ ಎಂಬ ಮುದುಕಿಯ ನಂಬರೂ ಏರಿತ್ತು. ಅದೂ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಹದಿನೈದು ವರ್ಷ ಎಲ್ಲರ ಬಾಗಿಲಲ್ಲಿ ನಿಂತು ಕೂಗಿದ ಬಾಯಿ ಅದು.

ಅಣ್ಣ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದು ನಮ್ಮ ಮನೆಗೆ ಬರುತ್ತಿದ್ದ. ಮನೆಯಲ್ಲಿ ಹೆಂಡತಿಯ ಅಳು ಕೇಳಲಾಗುವುದಿಲ್ಲ ಎನ್ನುತ್ತಿದ್ದ. ಜಗಲಿಯ ಮೇಲೆ ಕೂತು ನಾನು ಕೊಟ್ಟ ಸಪ್ಪೆ ಟೀ ಕುಡಿಯುತ್ತಿದ್ದ. ಒಮ್ಮೆ ಕೇಳಿದ, “ಶಂಕ್ರಿ, ಆವಾಗ ಏರಿತ್ತಲ್ಲ ನಂಬರು, ಮತ್ತೆ ಹೆಂಗೆ ಹಿಂಗಾತು?” ನಾನು ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದೆ.

ನವೆಂಬರಿನಲ್ಲಿ ಓಬಳೇಶ್ ನೇರ ನಮ್ಮ ಮನೆಗೇ ಬಂದ. ಫೋನ್ ಹೋಗುತ್ತಿಲ್ಲ, ಊರಿಂದ ಯಾರೂ ಮೂರನೇ ಫೋಟೋ ಶಿಬಿರಕ್ಕೆ ಬಂದಿಲ್ಲ ಎಂದು ವಿಚಾರಿಸಲು ಬಂದಿದ್ದ. ಅಣ್ಣ ಜಗಲಿಯ ಮೇಲಿದ್ದ. ಬೈಕಿನ ಸದ್ದಿಗೆ ಓಣಿಯವರು ಸೇರಿದರು. ಅನ್ನಪೂರ್ಣಮ್ಮ ಕೈಯಲ್ಲಿದ್ದ ಪೊರಕೆ ಸಮೇತ ಓಡಿ ಬಂದಳು.

“ಬಂದೆಯೇನೋ ಕಣ್ಣು ಸುಟ್ಟೋನೇ? ಇನ್ನೂ ಏನು ಉಳಿದೈತೆ ಅಂತ ಬಂದೆ?”

“ಅಮ್ಮಾ, ಬೆಳಕಿನಿಂದ ಆದದ್ದಲ್ಲ,” ಎಂದ ಅವನು. ಅಣ್ಣನ ಮುಖ ನೋಡಿ ಅವನ ದನಿಯೇ ಇಳಿದಿತ್ತು. “ನಿಮ್ಮ ಕಡೆ ನಾಲೆ ನೀರು ಐತಲ್ಲ, ಅದು ಗದ್ದೆಗೆ ಹಾಯದಂಗೆ ಸೀದಾ ಹಳ್ಳಕ್ಕೆ ಹೋದ್ರೆ ಹಳ್ಳ ತುಂಬಿ ಹರೀತೈತೆ, ಗದ್ದೆ ಒಣಗ್ತೈತೆ. ಅಣ್ಣನ ಕಣ್ಣಾಗೆ ಆಗಿದ್ದು ಅದೇ. ವಾಪಸ್ ಬರೋ ರಕ್ತದಾಗೆ ಜಾಸ್ತಿ ಉಳ್ಕೊಂಡೈತೆ ಅಂದ್ರೆ ಪರದೆಗೆ ಸಿಕ್ಕಿಲ್ಲ ಅಂತ.”

“ಹಂಗಾರೆ ಮೊದ್ಲೇ ಯಾಕೆ ಬೊಗಳಲಿಲ್ಲ?”

ಓಬಳೇಶ್ ನನ್ನ ಕಡೆ ನೋಡಿದ.  ನನ್ನ ಹೆಸರು ಹೇಳಿದ್ದರೆ ನಾನು ಅವನ ಮೇಲೆ ಹಾರಿ ಬೀಳುತ್ತಿದ್ದೆನೋ ಏನೋ. ಅತ್ತಿಗೆ ಪೊರಕೆ ಎತ್ತಿ ಅವನ ಭುಜಕ್ಕೆ ಒಂದು ಬಾರಿಸಿದಳು. ಅವನು ತಡೆಯಲೂ ಇಲ್ಲ. ಎರಡನೇ ಏಟಿಗೆ ಎತ್ತಿದಾಗ ನನಗೆ ತಡೆಯಲಾಗಲಿಲ್ಲ.

“ಬಿಡೇ ಅವನ್ನ! ಅವನು ಹೇಳಿದ್ದ! ಫೋನ್ ಮಾಡಿದ್ದ. ಬೈದು ಕಟ್ ಮಾಡಿದೋಳು ನಾನು. ಸಾಕಾ?”

 ಅತ್ತಿಗೆಯ ಕೈ ಎತ್ತಿದ್ದಲ್ಲೇ ನಿಂತಿತು. ಮಾತಾಡಿದವನು ಅಣ್ಣ.

“ಯಾವಾಗ?”

“ಮಾರ್ಚಿನಾಗೆ.”

“ನೀನು ಏರೈತೆ ಅಂತ ಕುಣಿದ್ಯಲ್ಲ, ಅದಕ್ಕಿಂತ ಮುಂಚೇನಾ, ಆಮೇಲಾ?”

“ಆಮೇಲೆ. ಅದೇ ವಾರ.”

“ದಾವಣಗೆರೆಗೆ ಹೋದಾಗ ನಿಂಗೆ ಗೊತ್ತಾಗಿತ್ತು.”

“ಹೂಂ.”

ಅಣ್ಣ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಓಬಳೇಶನ ದನಿ ಬಂದ ಕಡೆ ಮುಖ ತಿರುಗಿಸಿದ. “ಆವಾಗ್ಲೇ ಲೇಸರ್ ಹೊಡೆಸಿದ್ರೆ ಉಳೀತಿತ್ತೇನಪ್ಪಾ?”

“ಎರಡೂ ಅಂತ ಹೇಳಾಕಾಗಲ್ಲ ಅಣ್ಣಾ,” ಎಂದ ಅವನು. “ಒಂದಾದ್ರೂ ಉಳೀತಿತ್ತು ಅನ್ಸುತ್ತೆ.”

ಅಣ್ಣ ಲೋಟವನ್ನು ಪಕ್ಕಕ್ಕೆ ಇಟ್ಟ. ಜಗಲಿಯ ಅಂಚನ್ನು ಕಾಲಿನಿಂದ ತಡಕಾಡಿ ಇಳಿಯಲು ಹೋದ. ಮೆಟ್ಟಿಲು ತಪ್ಪಿತು. ನಾನು ಓಡಿ ತೋಳು ಹಿಡಿದೆ. ಅವನು ಬೈಯಲಿಲ್ಲ, ತಳ್ಳಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದ.

“ಅಣ್ಣಾ, ಬೈಯಿ. ಹೊಡಿ. ಏನಾದ್ರೂ ಅನ್ನು.”

“ಅನ್ನಪೂರ್ಣಾ, ಎಲ್ಲಿದೀಯ? ನಡಿ.”

ಅತ್ತಿಗೆ ಪೊರಕೆ ಎಸೆದು ಅವನ ಕೈ ಹಿಡಿದಳು. ನನ್ನ ಕಡೆ ನೋಡಲಿಲ್ಲ. ಅವರು ಓಣಿಯ ನಡುವೆ ನಿಧಾನಕ್ಕೆ ನಡೆದರು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಓಬಳೇಶ್ ಬೈಕಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವರ ಮನೆಯ ಬಾಗಿಲು ಮುಚ್ಚಿದ ಸದ್ದು ನನ್ನ ಜಗಲಿಗೆ ಕೇಳಿಸಿತು.

ಮರುದಿನ ನಾನೇ ಚೌಡಕ್ಕನನ್ನೂ ಉಳಿದವರನ್ನೂ ಶಿಬಿರಕ್ಕೆ ಹೋಗಲು ಬಸ್ಸಿಗೆ ಹತ್ತಿಸಿದೆ. ಯಾರನ್ನೂ ಬೈಯಲಿಲ್ಲ. ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಎಂಟು ತಿಂಗಳಾಯಿತು. ಮೊದಮೊದಲು ನಾನು ಬೆಳಿಗ್ಗೆ ಹೋಗಿ ಅವರ ಬಾಗಿಲು ಬಡಿಯುತ್ತಿದ್ದೆ. “ಮಲಗಿದಾರೆ” ಎಂದು ಒಳಗಿಂದಲೇ ಅತ್ತಿಗೆ ಹೇಳುತ್ತಿದ್ದಳು. ಈಗ ಹೋಗುವುದಿಲ್ಲ. ಸಂಜೆ ಹೊತ್ತು ಅಣ್ಣ ಗೋಡೆ ಹಿಡಿದು ಓಣಿಯ ತುದಿಯವರೆಗೆ ನಡೆಯುತ್ತಾನೆ. ನಮ್ಮ ಮನೆಯ ಗೋಡೆ ಶುರುವಾಗುವ ಕಡೆ ಕೈ ತೆಗೆಯುತ್ತಾನೆ. ದಾರಿ ದಾಟಿ, ಎದುರುಗಡೆಯ ಗೋಡೆ ಹಿಡಿದು ಮುಂದೆ ಹೋಗುತ್ತಾನೆ.